ಏಳನೇ ನಂಬರಿನ ಗೀರು

ಮೊದಲು ಉಗುರು ಆಡಿಸಿ ನೋಡಬೇಕು.
ಸಿಕ್ಕಿಕೊಳ್ಳದೆ ಜಾರಿದರೆ ಅದು ಬರೀ ಲಂಟಾನದ ತುರಿಕೆ,
ಬಟ್ಟೆಗೆ ಪಾಲಿಶ್ ಹಚ್ಚಿ ನಾಲ್ಕು ಸುತ್ತು ತಿರುವಿದರೆ ಮುಗೀತು.
ಉಗುರು ತಡೆದು ನಿಂತರೆ
ಅಲ್ಲಿ ಯಾವುದೋ ಕಲ್ಲು ಮಾತಾಡಿದೆ,
ಕೂತು ಕೇಳಬೇಕು.

ಕಳವಾರದ ಬೆಟ್ಟದ ಬುಡದಲ್ಲಿ ನಮ್ಮ ಶೆಡ್ಡು.
ಒಂಬತ್ತು ಗಾಡಿ, ಒಂದಕ್ಕೆ ಹಿಂಚಕ್ರವಿಲ್ಲ.
ಭಾನುವಾರ ಕತ್ತಲಲ್ಲೇ ಹತ್ತಿ, ಮೋಡ ನೋಡಿ ಇಳಿದವರು
ಇಡ್ಲಿಗೂ ಮುಂಚೆ ಇಲ್ಲಿಗೆ ಬರುತ್ತಾರೆ.
ಹದಿನೈದು ನಿಮಿಷ, ಆರುನೂರು ರೂಪಾಯಿ,
ಹೆಲ್ಮೆಟ್ಟಿನೊಳಗೆ ಇನ್ಯಾರದೋ ಬೆವರು.
ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳ ಪಕ್ಕ ಒಂದು ತಿರುವು;
ಕಂಬ ಜರುಗುತ್ತದೆ ಅಂದುಕೊಂಡಿರುತ್ತಾರೆ.

ನನ್ನ ಹೆಸರು ದಸ್ತಗೀರ್.
ಕೈ ಹಿಡಿಯುವವನು ಎಂದು ಅರ್ಥ, ಅಬ್ಬಾ ಹೇಳಿದ್ದು.
ಲೋಹಿತಣ್ಣನ ಕಿವಿಗೆ ಬಿದ್ದದ್ದು ಕೊನೇ ತುಂಡು ಮಾತ್ರ:
"ಹೆಸರಲ್ಲೇ ಗೀರೈತಲ್ಲೋ, ನಿನಗೇ ಈ ಕೆಲಸ."

ಅದಕ್ಕೆ ಮುಂಚೆ ಹನ್ನೊಂದು ವರ್ಷ ಗ್ರಾನೈಟ್ ಪಾಲಿಶ್,
ಕೆಮ್ಮು ಬಂದ ಮೇಲೆ ಬಿಟ್ಟೆ.
ಕಲ್ಲಿಗೆ ಸಿಟ್ಟಿಲ್ಲ, ಪ್ಲಾಸ್ಟಿಕ್ಕಿಗೆ ಇದೆ.
ಬಿಸಿಗಾಳಿಯ ಗನ್ನು ಎರಡು ಉಸಿರು ಹೆಚ್ಚು ನಿಂತರೆ
ಮಡ್‌ಗಾರ್ಡು ನಾಲಿಗೆಯಂತೆ ಜೋತುಬೀಳುತ್ತದೆ.
ಕೈ ಓಡುತ್ತಲೇ ಇರಬೇಕು,
ಲೋಬಾನದ ಹೊಗೆ ಆಡಿಸುವವರ ಹಾಗೆ.

ಒಂದು ಒಳ್ಳೆಯದು, ಇದಕ್ಕೆ ಬಣ್ಣ ಬಳಿದಿಲ್ಲ.
ಕೆಂಪು ಒಳಗಿನವರೆಗೂ ಕೆಂಪೇ, ಬೀಟ್ರೂಟಿನಂತೆ.
ಗೀರಿನಲ್ಲಿ ಕಾಣುವ ಬಿಳಿ, ಬಣ್ಣ ಹೋದದ್ದಲ್ಲ,
ಹರಿದ ಅಂಚಿಗೆ ಬೆಳಕು ಸಿಕ್ಕಿಕೊಂಡದ್ದು.
ಬ್ಲೇಡಿನಲ್ಲಿ ಸಿಪ್ಪೆ ಹೆರೆದು
ನಾನೂರರ ಕಾಗದ, ನೀರು; ಎಂಟುನೂರು, ನೀರು;
ಸಾವಿರದೈನೂರಕ್ಕೆ ಬರುವ ಹೊತ್ತಿಗೆ
ಅರ್ಧ ಮಡ್‌ಗಾರ್ಡು ಬೂದಿ ಮೆತ್ತಿದಂತೆ ಮಂಕು.
ನೋಡಿದವರು ಕೆಡಿಸಿಬಿಟ್ಟ ಅನ್ನುತ್ತಾರೆ.
ಅನ್ನಲಿ. ಗೀರನ್ನು ತೆಗೆಯಲು ಯಾರಿಗೂ ಬರುವುದಿಲ್ಲ,
ಸುತ್ತಲಿನದನ್ನು ಅದರ ಆಳಕ್ಕೆ ಇಳಿಸಬಹುದು, ಅಷ್ಟೇ.

ಏಳನೇ ನಂಬರಿನ ಬಲಗಡೆ, ಗೇಣುದ್ದ,
ತುದಿಯಲ್ಲಿ ಮೀನಿನ ಬಾಲದಂತೆ ಸೀಳಿದ್ದು—
ಅದನ್ನು ಮಾತ್ರ ಮುಟ್ಟಬೇಡ ಅಂದಿದ್ದ ಲೋಹಿತಣ್ಣ.
"ಅದು ದುಡಿಯೋ ಗೀರು ಕಣೋ."
ಹೌದು, ಎರಡು ವರ್ಷ ದುಡಿದಿದೆ.
ಹೋಗುವಾಗ ಮಣ್ಣು ಮೆತ್ತಿಕೊಂಡು ಹೋಗಿ
ಬಂದ ಮೇಲೆ ಒರೆಸಿಕೊಂಡು ಹೊಸದಾಗಿ ನಿಂತು
ಪ್ರತಿ ಸಲ ಎರಡು ಸಾವಿರ ಡೆಪಾಸಿಟ್ಟು ನುಂಗಿ.
ಕೆಲವು ತಿಂಗಳು ನನ್ನ ಸಂಬಳಕ್ಕಿಂತ ಜಾಸ್ತಿ.
ಮಣ್ಣು ಮೆತ್ತುತ್ತಿದ್ದವನು ನಾನೇ.

ಹೋದ ವಾರ ಗೌರಿಬಿದನೂರಿನ ಇಬ್ಬರು ಬಂದಿದ್ದರು,
ನರ್ಸಿಂಗ್ ಓದುವ ಹುಡುಗಿಯರು.
ಒಬ್ಬಳು ಜಗಳಕ್ಕೆ ನಿಂತಳು. ಇನ್ನೊಬ್ಬಳು
ಮಂಡಿಯೂರಿ ಉಗುರು ಆಡಿಸಿದಳು, ನಾನು ಆಡಿಸುವ ಹಾಗೇ.
"ಅಂಚು ನುಣ್ಣಗಾಗಿದೆ," ಅಂದಳು,
"ಹಳೇ ಗಾಯ ಇದು. ಹೊಸದಾಗಿದ್ರೆ ಚುಚ್ಚಬೇಕಿತ್ತು."
ನನ್ನ ಕಡೆ ನೋಡಿದಳು. ನಾನು ಬಕೆಟ್ಟಿನ ಕಡೆ.
ದುಡ್ಡು ಹೋಯಿತು ಅವರದು.

ಸೋಮವಾರ ರಜೆ. ಬಲ್ಬಿನ ಕೆಳಗೆ
ನಾನು, ಏಳನೇ ನಂಬರು, ಒಂದು ಮಗ್ಗು ನೀರು.
ಗೇಣುದ್ದ ಹೋಗಲು ಮೊಳದಗಲ ಉಜ್ಜಬೇಕಾಯಿತು.
ಬೆರಳ ಗೆರೆಗಳು ಇನ್ನಷ್ಟು ಸವೆದವು;
ಸವೆಯಲಿ, ಗ್ರಾನೈಟಿನ ಕಾಲದಿಂದಲೂ
ರೇಷನ್ ಅಂಗಡಿಯ ಮೆಷಿನ್ನಿಗೆ ನನ್ನ ಗುರುತು ಸಿಗುವುದಿಲ್ಲ.
ಕೊನೆಗೆ ಗನ್ನು ಹಿಡಿದೆ, ದೂರದಿಂದ.
ಬೂದಿಯೊಳಗಿಂದ ಕೆಂಪು ಎದ್ದು ಬಂತು ನಿಧಾನಕ್ಕೆ,
ಬೈಸಿಕೊಂಡವರ ಮುಖಕ್ಕೆ ರಕ್ತ ಏರುವ ಹಾಗೆ.

ಇವತ್ತು ಬೆಳಗ್ಗೆ ಲೋಹಿತಣ್ಣ ಮೊಬೈಲಿನ ಟಾರ್ಚು ಹಾಕಿ
ಬಗ್ಗಿ ಹುಡುಕಿದ. ಎಡಗಡೆಯೂ ನೋಡಿದ.
ಬೈಯಲಿಲ್ಲ.
ಜೇಬಿನಿಂದ ಬೀಗದ ಕೈ ತೆಗೆದು ನನ್ನ ಮುಂದೆ ಚಾಚಿದ:
"ನೀನೇ ಎಳಿ ಒಂದು."

ಕೈ ಹಿಡಿಯುವವನು ಎಂದು ಅರ್ಥ.
ಬೀಗದ ಕೈಯೂ ಕೈಯೇ.
ಹಿಡಿದುಕೊಂಡಿದ್ದೇನೆ, ಹಲ್ಲು ಚೂಪಾಗಿವೆ.
ಹೊರಗೆ ಯಾರೋ ಹೆಲ್ಮೆಟ್ಟು ಕೇಳುತ್ತಿದ್ದಾರೆ.